ಪಿಜ್ಜಾ ಕಾಣದ ಊರಿನ ಸಕ್ಕರೆ ಕಾಯಿಲೆ

ಪಾಶ್ಚಾತ್ಯ ಆಹಾರದಿಂದ ಆರೋಗ್ಯ ಕೆಡುತ್ತದೆ ಎಂಬ ಮಾತು ಬಂದಾಗಲೆಲ್ಲ ಮುಂಡಗೋಡ, ಹಳಿಯಾಳ, ಜೋಯಿಡಾ, ದಾಂಡೇಲಿ ಭಾಗದ ಕೇಳುಗರು ಒಂದು ಮರುಪ್ರಶ್ನೆ ಹಾಕುತ್ತಾರೆ: ಸನವಳ್ಳಿಯಂಥ ಹಳ್ಳಿಯಲ್ಲಿ ಪಿಜ್ಜಾ, ಬರ್ಗರ್ ತಿನ್ನುವವರು ಯಾರು? ಅನ್ನ, ಸಾರು, ರೊಟ್ಟಿ, ಪಲ್ಯ ಉಂಡುಕೊಂಡು ಬಂದ ಮನೆಗೂ ಸಕ್ಕರೆ ಕಾಯಿಲೆ, ಬಿ.ಪಿ. ಬರುತ್ತಿರುವುದೇಕೆ? ಪ್ರಶ್ನೆ ನ್ಯಾಯವಾದದ್ದು. ಅಡುಗೆಯ ಹೆಸರು ಹಳೆಯದೇ ಆಗಿದ್ದರೂ ಅದರೊಳಗಿನ ಕಾಳು, ಎಣ್ಣೆ, ಹಿಟ್ಟು ಬದಲಾಗಿವೆ, ಅದನ್ನು ಉಂಡು ದುಡಿಯುತ್ತಿದ್ದ ಮೈಯ ದುಡಿಮೆಯೂ ಇಳಿದಿದೆ ಎಂಬುದೇ ಅದಕ್ಕೆ ಉತ್ತರ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನರು ಅದರ ಹೊಸ್ತಿಲಲ್ಲಿದ್ದಾರೆ. ಇವರೆಲ್ಲ ಪೇಟೆಯ ಹೋಟೆಲುಗಳಲ್ಲಿ ಉಣ್ಣುವವರಲ್ಲ.

ಉತ್ತರ ಕನ್ನಡದ ಈ ಸೀಮೆಯಲ್ಲಿ ಒನಕೆಯಲ್ಲಿ ಕುಟ್ಟಿದ ಅಕ್ಕಿ, ಕುಚ್ಚಲಕ್ಕಿಯ ಗಂಜಿ, ರಾಗಿ ಅಂಬಲಿ ಮತ್ತು ಬಯಲುಸೀಮೆಯ ಕಡೆಯಿಂದ ಬಂದ ಜೋಳದ ರೊಟ್ಟಿ ಬಳಕೆಯಲ್ಲಿದ್ದವು. ಜೋಯಿಡಾದ ಕುಣಬಿ ಸಮುದಾಯದವರು ಬಗೆಬಗೆಯ ಗೆಡ್ಡೆ-ಗೆಣಸುಗಳನ್ನು ಬೆಳೆದು ಉಣ್ಣುವ ಪದ್ಧತಿಯನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಆದರೆ ಬಹಳಷ್ಟು ಮನೆಗಳಲ್ಲಿ ಈ ಹಳೆಯ ಆಹಾರದ ಜಾಗಕ್ಕೆ ಪಾಲಿಶ್ ಮಾಡಿದ ಬಿಳಿ ಅಕ್ಕಿ ಬಂದಿತು. 2013ರ ಅನ್ನಭಾಗ್ಯ ಯೋಜನೆ ಹಸಿವನ್ನು ತಗ್ಗಿಸಿದ್ದು ದೊಡ್ಡ ಉಪಕಾರ, ಅದರ ಬಗ್ಗೆ ಹಗುರವಾಗಿ ಮಾತನಾಡಬಾರದು. ಆದರೆ ಮೂರು ಹೊತ್ತೂ ಅದೇ ಬಿಳಿ ಅಕ್ಕಿ, ನಡುವೆ ಬೇಕರಿಯ ಮೈದಾ ಎಂಬ ರೂಢಿಯೂ ಅದೇ ಕಾಲದಲ್ಲಿ ಬೇರೂರಿತು.

ಕಾಳಿಗೆ ಹೊರಗಿನ ತೌಡು, ಒಳಗಿನ ಪಿಷ್ಟ, ತುದಿಯ ಮೊಳಕೆ ಎಂದು ಮೂರು ಭಾಗಗಳಿವೆ. ಪಾಲಿಶ್ ಮಾಡುವ ಗಿರಣಿ ತೌಡನ್ನೂ ಮೊಳಕೆಯನ್ನೂ ತೆಗೆದುಹಾಕುತ್ತದೆ; ಅವುಗಳೊಡನೆ ನಾರು, ಬಿ ಗುಂಪಿನ ಜೀವಸತ್ವಗಳು, ಮೆಗ್ನೀಸಿಯಂ ಬಹುಮಟ್ಟಿಗೆ ಹೋಗಿ ಪಿಷ್ಟವೊಂದೇ ಉಳಿಯುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ ಅಷ್ಟೇ ಬಿಳಿ ಅಕ್ಕಿಯಲ್ಲಿ, ಅಷ್ಟೇ ಮೈದಾದಲ್ಲಿ ಮೂರು ಗ್ರಾಮಿಗಿಂತ ಕಡಿಮೆ. ಪಿಷ್ಟವೆಂದರೆ ಗ್ಲೂಕೋಸಿನ ಉದ್ದನೆಯ ಸರಪಳಿ. ನಾರು ಅಡ್ಡವಿದ್ದಾಗ ಆ ಸರಪಳಿ ನಿಧಾನವಾಗಿ ಕಡಿಯುತ್ತದೆ, ಇಲ್ಲದಿದ್ದಾಗ ಬೇಗ ಕಡಿದು ರಕ್ತಕ್ಕೆ ಒಮ್ಮೆಲೇ ಗ್ಲೂಕೋಸ್ ಸೇರುತ್ತದೆ. ಜಲಾಶಯದ ನೀರು ತೂಬಿನಿಂದ ಹರಿದರೆ ಗದ್ದೆಗೆ ಉಪಕಾರ, ಒಡ್ಡು ಒಡೆದು ಬಂದರೆ ಅದೇ ನೀರು ಅದೇ ಗದ್ದೆಯನ್ನು ಕೊಚ್ಚಿಕೊಂಡು ಹೋಗುತ್ತದೆ.

ಇಷ್ಟನ್ನೇ ಇನ್ನೊಮ್ಮೆ ಬಿಡಿಸಿ ಹೇಳಬೇಕು, ಏಕೆಂದರೆ ಉಳಿದ ಎಲ್ಲ ತೊಂದರೆಗಳ ಬುಡ ಇಲ್ಲಿದೆ. ರಕ್ತದಲ್ಲಿ ಗ್ಲೂಕೋಸ್ ಏರಿದೊಡನೆ ಮೇದೋಜೀರಕ ಗ್ರಂಥಿಯು ಅದನ್ನು ಜೀವಕೋಶಗಳಿಗೆ ಸೇರಿಸುವ ಇನ್ಸುಲಿನ್ ಎಂಬ ರಸವನ್ನು ಸುರಿಸುತ್ತದೆ. ದುಡಿಯುವ ಸ್ನಾಯುಗಳು ಆ ಗ್ಲೂಕೋಸಿನ ಮುಖ್ಯ ಗಿರಾಕಿಗಳು. ಗದ್ದೆ ಹೂಡಿ, ಕಟ್ಟಿಗೆ ಹೊತ್ತು, ಮೈಲುಗಟ್ಟಲೆ ನಡೆದ ಮೈಗೆ ಅಷ್ಟು ಅನ್ನ ಬೇಕಾಗಿತ್ತು. ಟ್ರ್ಯಾಕ್ಟರ್, ಬೈಕು, ಗ್ಯಾಸು ಬಂದ ಮೇಲೂ ತಟ್ಟೆಯ ಅನ್ನ ಇಳಿಯಲಿಲ್ಲ. ಸ್ನಾಯು ಮತ್ತು ಯಕೃತ್ತು ಎರಡೂ ಸೇರಿ ಕೂಡಿಡಬಲ್ಲ ಗ್ಲೂಕೋಸ್ ಸುಮಾರು ಅರ್ಧ ಕಿಲೋ ಮಾತ್ರ. ಮಿಕ್ಕದ್ದರಲ್ಲಿ ಒಂದು ಪಾಲನ್ನು ಯಕೃತ್ತು ಕೊಬ್ಬಾಗಿಸುತ್ತದೆ. ಆ ಕೊಬ್ಬು ಯಕೃತ್ತಿನಲ್ಲೂ ಹೊಟ್ಟೆಯೊಳಗೂ ಕೂಡುತ್ತ ಹೋದಂತೆ ಇನ್ಸುಲಿನ್ನಿನ ಮಾತನ್ನು ಜೀವಕೋಶಗಳು ಕೇಳದಾಗುತ್ತವೆ. ಗ್ರಂಥಿ ಇನ್ನಷ್ಟು ಸುರಿಸುತ್ತದೆ, ವರ್ಷಗಳ ಕಾಲ ದುಡಿದು ಸೋಲುತ್ತದೆ. ಸಕ್ಕರೆ ಕಾಯಿಲೆ ಬಂದಿತೆಂದು ಪರೀಕ್ಷೆಯಲ್ಲಿ ತಿಳಿಯುವುದು ಈ ಸೋಲಿನ ಕೊನೆಯ ಹಂತದಲ್ಲಿ. ಅಲ್ಲಿಯವರೆಗೆ ನೋವಿಲ್ಲ, ಜ್ವರವಿಲ್ಲ, ಆದ್ದರಿಂದಲೇ ಎಚ್ಚರವೂ ಇಲ್ಲ.

ತೆಳ್ಳಗಿರುವವರಿಗೆ ಈ ಭಯವಿಲ್ಲ ಎಂಬ ನಂಬಿಕೆಯೂ ತಪ್ಪು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ಇಬ್ಬರಿಗೂ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ 22.3 ಇದ್ದರೂ ಯುಡ್ಕಿನ್ ಅವರ ಮೈಕೊಬ್ಬು ಶೇ. 9.1, ಯಾಜ್ಞಿಕ್ ಅವರದ್ದು ಶೇ. 21.2 ಎಂದು 2004ರಲ್ಲಿ ಅವರೇ ಪ್ರಕಟಿಸಿದರು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ 1954ರೊಳಗೆ ಹುಟ್ಟಿದವರನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದ ಅಧ್ಯಯನವು, ಎರಡೂವರೆ ಕಿಲೋಗಿಂತ ಹೆಚ್ಚು ತೂಗದೆ ಹುಟ್ಟಿದವರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಶೇ. 11ರಷ್ಟು, ಮೂರು ಕಿಲೋ ದಾಟಿ ಹುಟ್ಟಿದವರಲ್ಲಿ ಶೇ. 3ರಷ್ಟು ಎಂದು 1996ರಲ್ಲಿ ತೋರಿಸಿತು. ತಾಯಿಯ ಹೊಟ್ಟೆಯಲ್ಲಿ ಕೊರತೆ ಕಂಡ ಮೈಗೆ ಮುಂದೆ ಬಿಳಿ ಪಿಷ್ಟ ಧಾರಾಳವಾಗಿ ಸಿಕ್ಕಾಗ ಅಪಾಯ ಹೆಚ್ಚು.

ಊರು ಬಿಟ್ಟವರ ಇತಿಹಾಸವೂ ಇದನ್ನೇ ಹೇಳುತ್ತದೆ. ಜಪಾನಿನಲ್ಲೇ ಉಳಿದ ಜಪಾನೀಯರಿಗಿಂತ ಹವಾಯಿಗೆ ಹೋದವರಲ್ಲಿ, ಅವರಿಗಿಂತ ಕ್ಯಾಲಿಫೋರ್ನಿಯಾ ಸೇರಿದವರಲ್ಲಿ ಹೃದ್ರೋಗ ಹೆಚ್ಚಿತ್ತು. ರಕ್ತ ಒಂದೇ, ಬದಲಾದದ್ದು ಊಟ ಮತ್ತು ಬದುಕು. ಮುಂಡಗೋಡಿನಲ್ಲೇ 1966ರಿಂದ ನೆಲೆಸಿರುವ ಟಿಬೆಟನ್ನರು ಹುರಿದ ಜವೆಗೋಧಿಯ ಹಿಟ್ಟಾದ ತ್ಸಂಪಾವನ್ನು ಉಣ್ಣುತ್ತಿದ್ದ ಎತ್ತರದ ನಾಡಿನಿಂದ ಬಂದು ಅಕ್ಕಿ, ಮೈದಾಗಳ ಊಟಕ್ಕೆ ಹೊಂದಿಕೊಂಡವರು. ಅವರು ಪಶ್ಚಿಮಕ್ಕೆ ಹೋದವರಲ್ಲ, ಬಂದದ್ದು ಭಾರತಕ್ಕೇ. ಆದರೂ ಮಧುಮೇಹ ಮತ್ತು ರಕ್ತದೊತ್ತಡ ಅವರಿಗೂ ಚಿಂತೆಯ ವಿಷಯಗಳಾಗಿವೆ. ಪಾಲಿಶ್ ಅಕ್ಕಿಯ ಕೇಡು ಹೊಸ ಶೋಧವೂ ಅಲ್ಲ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಡಚ್ ವೈದ್ಯ ಐಕ್‌ಮನ್ ಬಿಳಿ ಅಕ್ಕಿ ತಿಂದ ಕೋಳಿಗಳಲ್ಲಿ, ತೌಡಿನ ಜೀವಸತ್ವ ಸಿಗದೆ ಬರುವ ಬೆರಿಬೆರಿಯಂಥ ನರದೌರ್ಬಲ್ಯವನ್ನು ಕಂಡುಹಿಡಿದಿದ್ದರು. ಇಂದು ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿಯ ವಿಚಾರಣೆಗೆಂದೇ ಹುಟ್ಟಿದ್ದು.

ಇಷ್ಟಾದರೂ ತಪ್ಪು ಕಲ್ಪನೆಗಳು ಬಿಡುವುದಿಲ್ಲ. ಸಕ್ಕರೆ ಬಿಟ್ಟು ಬೆಲ್ಲ ಹಾಕಿದ ಚಹಾ ನಿರಪಾಯ ಎನ್ನುವವರಿದ್ದಾರೆ. ಬೆಲ್ಲವೂ ಬಹುಪಾಲು ಸಕ್ಕರೆಯೇ. ಅನ್ನ ಬಿಟ್ಟು ಐದಾರು ಚಪಾತಿ ತಿಂದು ಪಥ್ಯ ಮಾಡಿದೆವೆನ್ನುವವರಿದ್ದಾರೆ. ಸಿರಿಧಾನ್ಯವನ್ನು ಔಷಧವೆಂದು ತಿಳಿದು ಅದರ ನುಣ್ಣನೆಯ ಹಿಟ್ಟಿನ ದೋಸೆಯನ್ನು ಲೆಕ್ಕವಿಲ್ಲದೆ ತಿನ್ನುವವರಿದ್ದಾರೆ. ಭಾರತೀಯರ ಆಹಾರಶಕ್ತಿಯಲ್ಲಿ ಶೇ. 62ರಷ್ಟು ಪಿಷ್ಟ-ಸಕ್ಕರೆಗಳಿಂದಲೇ ಬರುತ್ತದೆಂದು ಹೇಳಿದ ವೈದ್ಯಕೀಯ ಸಂಶೋಧನಾ ಮಂಡಳಿಯ ಅದೇ ಸಮೀಕ್ಷೆಯು, ಪ್ರಮಾಣ ತಗ್ಗಿಸದೆ ಅಕ್ಕಿಗೆ ಬದಲಾಗಿ ಗೋಧಿ ಅಥವಾ ಸಿರಿಧಾನ್ಯದ ಹಿಟ್ಟನ್ನು ತಂದ ಮಾತ್ರಕ್ಕೆ ಅಪಾಯ ಇಳಿಯುವುದಿಲ್ಲ, ಸ್ವಲ್ಪ ಪಿಷ್ಟ ಕಳೆದು ಬೇಳೆಕಾಳು, ಹಾಲು-ಮೊಸರಿನ ಪ್ರೋಟೀನು ಸೇರಿಸಿದರೆ ಇಳಿಯುತ್ತದೆ ಎಂದು ಸ್ಪಷ್ಟಪಡಿಸಿದೆ. ರೋಗಿಗಳ ಊಟದ ವಿವರ ಬರೆದುಕೊಳ್ಳುವ ಎಲ್ಲರಿಗೂ ಪರಿಚಿತವಾದ ಅನುಭವ ಇನ್ನೊಂದಿದೆ: ಊಟದಲ್ಲಿ ಎಷ್ಟು ಅನ್ನ, ಎಷ್ಟು ರೊಟ್ಟಿ ಎಂದು ಸರಿಯಾಗಿ ಹೇಳುವವರು ದಿನಕ್ಕೆ ನಾಲ್ಕು ಬಾರಿ ಚಹಾದೊಡನೆ ತಿಂದ ಬಿಸ್ಕೀಟು, ಖಾರಿ, ಟೋಸ್ಟುಗಳನ್ನು ಹೇಳುವುದೇ ಇಲ್ಲ, ಅವು ಆಹಾರವೇ ಅಲ್ಲವೆಂಬಂತೆ. ಮೈದಾ, ಸಕ್ಕರೆ, ಗಟ್ಟಿ ಎಣ್ಣೆ ಮೂರೂ ಕೂಡಿದ ಈ ತಿಂಡಿಯೇ ಪಾಶ್ಚಾತ್ಯ ಆಹಾರ ಹಳ್ಳಿಗೆ ಬಂದ ದಾರಿ.

ಸಲಹೆಗಳಿಗೆ ಉಳಿದ ಸಮಯ ಸ್ವಲ್ಪವೇ. ಅನ್ನವನ್ನು ಪೂರ್ತಿ ಬಿಡಬೇಕಾಗಿಲ್ಲ. ಅಳತೆ ಇಳಿಸಿ, ಆದಷ್ಟು ಕುಚ್ಚಲಕ್ಕಿಯನ್ನು ಬಳಸಿ, ಆ ಜಾಗಕ್ಕೆ ಹೆಸರು, ಮಡಿಕೆ, ಅಲಸಂದೆಯಂಥ ಕಾಳು, ಸೊಪ್ಪು, ಮಜ್ಜಿಗೆ, ಉಣ್ಣುವವರು ಮೀನು-ಮೊಟ್ಟೆ ತರಬೇಕು. ಬಿ.ಪಿ. ಏರದಿರಲು ಉಪ್ಪು ದಿನಕ್ಕೆ ಐದು ಗ್ರಾಂ ಮೀರಬಾರದು. ಹಪ್ಪಳ, ಉಪ್ಪಿನಕಾಯಿ ಹಿರಿಯರ ಕಾಲದವು ಎಂಬ ಕಾರಣಕ್ಕೆ ಅವುಗಳ ಉಪ್ಪು ಸೌಮ್ಯವಾಗುವುದಿಲ್ಲ. ಊಟವಾದ ಮೇಲೆ ಸ್ವಲ್ಪ ನಡೆಯಬೇಕು. ಗಂಡಸರ ಸೊಂಟದ ಸುತ್ತಳತೆ 90, ಹೆಂಗಸರದ್ದು 80 ಸೆಂಟಿಮೀಟರ್ ದಾಟಿದ್ದರೆ, ಮೈ ತೆಳ್ಳಗೆ ಕಂಡರೂ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮನೆಯಲ್ಲಿ ಮೂವತ್ತು ದಾಟಿದ ಪ್ರತಿಯೊಬ್ಬರೂ ಈ ಪರೀಕ್ಷೆಯನ್ನು ಈ ತಿಂಗಳೇ ಮಾಡಿಸಿಕೊಳ್ಳಲಿ, ನಾಳೆಯ ಚಹಾದ ಜೊತೆಗಿನ ಬಿಸ್ಕೀಟನ್ನು ನಾಳೆಯೇ ನಿಲ್ಲಿಸಲಿ ಎಂಬುದು ಕೇಳುಗರಲ್ಲಿ ಮಾಡುವ ವಿನಂತಿ.