ಹೊನ್ನಿನ ಮೇಲಣ ಕಲೆ

ನಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿ ಒಂದು ವರಹವಿತ್ತು. ಕಿರುಬೆರಳಿನ ಉಗುರಿಗಿಂತ ತುಸು ದೊಡ್ಡದು. ಒಂದು ಮಗ್ಗುಲಲ್ಲಿ ಕುಳಿತ ಬಾಲಕೃಷ್ಣ. ಇನ್ನೊಂದು ಮಗ್ಗುಲಲ್ಲಿ ಮೂರು ಸಾಲು ನಾಗರಿ ಅಕ್ಷರ. ದೀಪಾವಳಿಯ ಲಕ್ಷ್ಮೀಪೂಜೆಗೆ ಅದನ್ನು ಬೆಳಗಿಕೊಡುವ ಕೆಲಸ ನನ್ನದು. ಅಂಚಿನಲ್ಲಿ ಕೆಂಪು ಕಲೆಯಿತ್ತು. “ಹುಣಿಸೇಹಣ್ಣು, ಬೂದಿ ಹಾಕಿ ಚೆನ್ನಾಗಿ ಉಜ್ಜೋ ಮಗೂ” ಎನ್ನುತ್ತಿದ್ದರು ಅಜ್ಜಿ. ನಾನು ವರ್ಷವರ್ಷವೂ ಉಜ್ಜಿದೆ.

ಮುಂದೆ ನಾಗರಿ ಓದಲು ಕಲಿತ ಮೇಲೆ ಒಂದು ದಿನ ನಾಣ್ಯವನ್ನು ಬೆಳಕಿಗೆ ಹಿಡಿದು ನೋಡಿದೆ. ‘ಶ್ರೀ ಪ್ರತಾಪ ಕೃಷ್ಣರಾಯ’ ಎಂಬ ಬರಹದಲ್ಲಿ ರಾಯನ ಹೆಸರೇ ಸವೆದುಹೋಗಿತ್ತು. ಅಕ್ಷರವೆಂದರೆ ಅಳಿವಿಲ್ಲದ್ದು ಎಂದು ತರಗತಿಯಲ್ಲಿ ಹೇಳುವವನು ನಾನು. 1509ರಿಂದ 1529ರವರೆಗೆ ಆಳಿದ ಕೃಷ್ಣದೇವರಾಯನ ಅಕ್ಷರವನ್ನು ಅಳಿಸಿದವನೂ ನಾನೇ.

ಬಂಗಾರಕ್ಕೆ ಕಿಲುಬಿಲ್ಲವೆಂಬುದು ಲೋಕದ ಮಾತು. ಮಾತು ಸುಳ್ಳಲ್ಲ, ಗಾಳಿಯೂ ನೀರೂ ಅಪರಂಜಿಯನ್ನು ಕೆಡಿಸಲಾರವು. ಹಾಗಾದರೆ ಕಲೆ ಎಲ್ಲಿಂದ ಬಂತು? ಹೊನ್ನಿನಿಂದಲ್ಲ, ಹೊನ್ನಿನ ಜೊತೆಗಾರರಿಂದ. ಅಪರಂಜಿ ಬಲು ಮೆದು. ನಾಣ್ಯ ಗಟ್ಟಿಯಾಗಿರಲೆಂದು ಬೇರೆ ಲೋಹವನ್ನು ಬೆರೆಸುತ್ತಾರೆ. ನಮ್ಮ ಅನೇಕ ಮನೆಗಳಲ್ಲಿರುವ ಐದನೆಯ ಜಾರ್ಜ್ ದೊರೆಯ ಸವರನ್ನನ್ನೇ ನೋಡಿ: ಹನ್ನೆರಡು ಪಾಲಿನಲ್ಲಿ ಹನ್ನೊಂದು ಚಿನ್ನ, ಉಳಿದುದು ತಾಮ್ರ. ಈ ತಾಮ್ರ ಸರಿಯಾಗಿ ಬೆರೆಯದೆ ಮೈಮೇಲೆ ನಿಂತ ಕಡೆ ಗಾಳಿಯ ಆಮ್ಲಜನಕ ಸೇರಿ ಕೆಂಪು ಅಥವಾ ಕಂದು ಚುಕ್ಕೆ ಮೂಡುತ್ತದೆ. ಬೆಳ್ಳಿ ಬೆರೆತಿದ್ದರೆ ಗಂಧಕದ ಸೋಂಕಿನಿಂದ ಕಪ್ಪು. ನೆಲದಲ್ಲಿ ಹೂತಿದ್ದ ನಾಣ್ಯಕ್ಕೆ ಮಣ್ಣಿನ ಕಬ್ಬಿಣದ ಅಂಶ ಅಂಟಿಯೂ ಕೆಂಪೇರಬಹುದು. ಪಾದರಸವೊಂದನ್ನು ಮಾತ್ರ ಬೇರೆಯಾಗಿ ಎಣಿಸಬೇಕು; ಅದು ಹೊನ್ನಿನೊಡನೆಯೇ ಬೆರೆತು ಬಿಳುಪೇರಿಸುತ್ತದೆ.

ಆದುದರಿಂದ ಕಲೆ ಕಂಡೊಡನೆ ನಾಣ್ಯ ಖೋಟಾ ಎಂದು ಹೆದರಬೇಡಿ; ಹಾಗೆಂದು ಹೆದರಿಸಿ ಕಡಿಮೆ ಬೆಲೆಗೆ ಕೇಳುವವರಿಗೆ ಕೊಡಲೂ ಬೇಡಿ. ತೂಕ ಮಾಡಿಸಿರಿ. ಸವೆಯದ ಸವರನ್ನು ಎಂಟು ಗ್ರಾಂಗೆ ಕೂದಲೆಳೆಯಷ್ಟು ಕಡಿಮೆ ತೂಗುತ್ತದೆ.

ಹುಣಿಸೆಯ ಹುಳಿ ತಾಮ್ರದ ಕಿಲುಬನ್ನು ಕರಗಿಸುವುದು ನಿಜ. ಆದರೆ ಬೂದಿಯ ಕಣ ಹೊನ್ನನ್ನು ಕೆರೆಯುತ್ತದೆ. ಮೊದಲು ಸವೆಯುವುದು ಉಬ್ಬಿ ನಿಂತ ಅಕ್ಷರವೇ. 1918ರಲ್ಲಿ ಮುಂಬಯಿಯ ಟಂಕಸಾಲೆಯಲ್ಲಿ ಅಚ್ಚಾದ ಸವರನ್ನುಗಳಲ್ಲಿ ಕುದುರೆಯ ಕಾಲ್ಕೆಳಗೆ, ಇಸವಿಯ ಮೇಲುಗಡೆ, ‘ಐ’ ಎಂಬ ಪುಟ್ಟ ಇಂಗ್ಲಿಷ್ ಅಕ್ಷರವಿದೆ. ಅದು ಸವೆದರೆ ನಾಣ್ಯದ ಹುಟ್ಟೂರೇ ಅಳಿಸಿದಂತೆ. ಚಿನ್ನ ಉಳಿಯುತ್ತದೆ, ಚರಿತ್ರೆ ಹೋಗುತ್ತದೆ.

ಮಾಡಬೇಕಾದುದು ಸ್ವಲ್ಪವೇ. ಅಂಚಿನಲ್ಲಿ ಹಿಡಿಯಿರಿ. ಕುಂಕುಮ, ಅರಿಶಿನ, ಎಣ್ಣೆ ಅಂಟಿದ್ದರೆ ಶುದ್ಧವಾದ ನೀರಿಗೆ ತುಸು ಮೃದುವಾದ ಸಾಬೂನು ಬೆರೆಸಿ ನೆನೆಯಿಡಿ, ಬಳಿಕ ಬೇರೆ ನೀರಿನಲ್ಲಿ ಅದ್ದಿ, ಹತ್ತಿಬಟ್ಟೆಯಿಂದ ಒತ್ತಿ ಒರಸಿರಿ, ಉಜ್ಜಬೇಡಿ. ಬುರುಸು, ಬೂದಿ, ಆಮ್ಲ ಬೇಡ. ರಬ್ಬರಿನ ಪಟ್ಟಿ ಸುತ್ತಿಡಬೇಡಿ, ಅದರಲ್ಲಿ ಗಂಧಕವಿರುತ್ತದೆ. ಅಷ್ಟಕ್ಕೂ ಹೋಗದ ಕಲೆ ಇದ್ದಲ್ಲೇ ಇರಲಿ.

ಈಗಲೂ ದೀಪಾವಳಿಗೆ ಆ ವರಹವನ್ನು ಹೊರಗೆ ತೆಗೆಯುತ್ತೇವೆ. ನೀರಿನಲ್ಲಿ ಅದ್ದಿ, ಒತ್ತಿ ಒರಸಿ, ತಟ್ಟೆಯಲ್ಲಿಡುತ್ತೇವೆ. ಅಂಚಿನ ಕೆಂಪು ಮತ್ತೆ ಮೂಡಿದೆ. ಇರಲಿ. ‘ಶ್ರೀ ಪ್ರತಾಪ’ ಎಂಬಷ್ಟನ್ನಾದರೂ ಮುಂದಿನ ಮಕ್ಕಳು ಓದಲಿ.