ಕಿವಿಗೆ ನೀಡುವ ದಾಸೋಹ



ದಾಸೋಹವೆಂದರೆ ಅನ್ನವೆಂದೇ ನಮ್ಮ ಜನ ತಿಳಿದಿದ್ದಾರೆ. ಆದರೆ ಹಸಿವು ಹೊಟ್ಟೆಗೊಂದಕ್ಕೇ ಇಲ್ಲ. ಮೂಗಿನಲ್ಲಿ ಆಚಾರಲಿಂಗ, ನಾಲಗೆಯಲ್ಲಿ ಗುರುಲಿಂಗ, ಕಣ್ಣಿನಲ್ಲಿ ಶಿವಲಿಂಗ, ತ್ವಕ್ಕಿನಲ್ಲಿ ಜಂಗಮಲಿಂಗ, ಕಿವಿಯಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ ನೆಲೆಸಿರುವುದೆಂದು ನಮ್ಮ ಷಟ್‌ಸ್ಥಲ ಸಿದ್ಧಾಂತ ಸಾರುತ್ತದೆ. ಕಣ್ಣಿಗೆ ರೂಪ ಪದಾರ್ಥ, ಕಿವಿಗೆ ಶಬ್ದ ಪದಾರ್ಥ. ಹಾಗಾದರೆ ಕಣ್ಣಿಲ್ಲದ ಭಕ್ತನಿಗೆ ರೂಪದ ಪ್ರಸಾದವನ್ನು ಮುಟ್ಟಿಸುವುದು ಹೇಗೆ? ಕಿವಿಯ ಬಾಗಿಲಿನಿಂದಲೇ ಮುಟ್ಟಿಸಬೇಕು.

ಜಾತ್ರೆಯ ನಾಟಕವನ್ನು ನೆನೆಯಿರಿ. ರಂಗದ ಮೇಲೆ ಮಾತಿಲ್ಲ. ಆಳುಮಗ ಯಜಮಾನನ ರುಮಾಲನ್ನು ಮೆಲ್ಲಗೆ ಎತ್ತಿ ತನ್ನ ತಲೆಗೆ ಸುತ್ತಿಕೊಳ್ಳುತ್ತಾನೆ. ಜನವೆಲ್ಲ ಗೊಳ್ಳೆಂದು ನಗುತ್ತದೆ. ನಡುವೆ ಕುಳಿತ ಅಂಧ ಮುದುಕ ಪಕ್ಕದ ಹುಡುಗನನ್ನು "ಏನಾತೋ ತಮ್ಮಾ?" ಎನ್ನುತ್ತಾನೆ. "ಆಮ್ಯಾಲ ಹೇಳ್ತೀನಿ, ಸುಮ್ಕಿರು ಯಜ್ಜಾ" ಎಂದು ಉತ್ತರ. ಆ 'ಆಮ್ಯಾಲ' ಎಂಬುದು ಬರುವುದೇ ಇಲ್ಲ. ಸಾವಿರ ಜನರ ನಗೆಯ ನಡುವೆ ಆ ಜೀವ ಒಂಟಿಯಾಗಿ ಕುಳಿತಿರುತ್ತದೆ. ಸಂಜಯನ ಕಥೆ ನಿಮಗೆಲ್ಲ ಗೊತ್ತು. ಅರಸನಿಗೇನೋ ಸಂಜಯ ದೊರೆತ, ಬಡವನಿಗೆ ಯಾರು?

ಈ ಕೊರತೆಯನ್ನು ಅಮೆರಿಕದ ವಾಷಿಂಗ್ಟನ್ ನಗರದ ಒಬ್ಬ ತಾಯಿ ಮನಸ್ಸಿಗೆ ಹಚ್ಚಿಕೊಂಡರು. ಮುಂದೆ ಮಾರ್ಗರೆಟ್ ಫಾನ್‌ಸ್ಟೀಲ್ ಎಂದು ಹೆಸರಾದ ಆಕೆ ಸ್ವತಃ ದೃಷ್ಟಿ ಕಳೆದುಕೊಂಡವರು. 1974ರಲ್ಲಿ, ಅಂಧರಿಗಾಗಿ ರೇಡಿಯೋದಲ್ಲಿ ಪತ್ರಿಕೆ ಪುಸ್ತಕಗಳನ್ನು ಓದಿ ಹೇಳುವ ಸಂಸ್ಥೆಯನ್ನು ಕಟ್ಟಿದರು. 1981ರಲ್ಲಿ ಅರೀನಾ ಸ್ಟೇಜ್ ಎಂಬ ರಂಗಮಂದಿರದಲ್ಲಿ ನಾಟಕದ ವಿವರಣೆಗೆ ತೊಡಗಿದರು. ಸೇವಕನೊಬ್ಬ ಮರೆಯಲ್ಲಿ ಕುಳಿತು, ಪಾತ್ರಗಳ ಮಾತು ನಿಂತ ಬಿಡುವಿನಲ್ಲಿ ಕಂಡದ್ದನ್ನು ಮೆಲ್ಲಗೆ ಹೇಳುತ್ತಾನೆ. ಅದು ಅಂಧರ ಕಿವಿಯ ಯಂತ್ರಕ್ಕೆ ಮಾತ್ರ ಕೇಳಿಸುತ್ತದೆ. ಉಳಿದವರಿಗೆ ಅಡ್ಡಿಯಿಲ್ಲ. ಮುಂದೆ ಇದು ಟೆಲಿವಿಷನ್ನಿಗೂ ಸಿನಿಮಾಕ್ಕೂ ಹಬ್ಬಿತು. ನಮ್ಮ ದೇಶದಲ್ಲಿಯೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇಂಥ ಶ್ರವ್ಯ ವಿವರಣೆಯ ಮಾತನ್ನು ಎತ್ತಿದೆ. ಕಾಯ್ದೆ ಇರಲಿ, ಒಳ್ಳೆಯದೇ. ಆದರೆ ಪಕ್ಕದಲ್ಲಿ ಕುಳಿತವನ ಬಾಯಿ ತೆರೆಸುವ ಕಾಯ್ದೆ ಎಲ್ಲಿದೆ?

ಹೀಗೆ ಹೇಳುವುದಕ್ಕೂ ಒಂದು ಶಿಸ್ತು ಬೇಕು. ಪಂಕ್ತಿಯಲ್ಲಿ ಬಡಿಸುವವನು ಎಲೆ ನೋಡಿ ಬಡಿಸುತ್ತಾನೆಯೇ ಹೊರತು ತುತ್ತು ಕಲಸಿ ಬಾಯಿಗಿಡುವುದಿಲ್ಲ. "ಅವಳಿಗೆ ಬಹಳ ದುಃಖವಾಗಿದೆ" ಎನ್ನಬೇಡಿ. "ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು" ಎನ್ನಿರಿ. ದುಃಖವನ್ನು ಕೇಳುವವನೇ ಅರಿತುಕೊಳ್ಳುತ್ತಾನೆ. ಕಣ್ಣಿಲ್ಲದವನಿಗೆ ಬುದ್ಧಿಯಿಲ್ಲವೆಂದು ಎಣಿಸುವುದು ದೊಡ್ಡ ಅಪಚಾರ. ಪಾತ್ರ ಮಾತನಾಡುವಾಗ ನೀವು ಸುಮ್ಮನಿರಬೇಕು. ಹಾಡಿನ ಮೇಲೆ ಮಾತು ಸುರಿಯಬಾರದು. ಕೆಲವರಿಗೆ ಸುಮ್ಮನಿರುವುದೇ ಬಲು ಕಷ್ಟದ ಕಾಯಕ!

ಈ ಸೇವೆ ಕರುಣೆಯ ಮಾತಲ್ಲ, ಋಣದ ಮಾತು. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. ಪಂಡಿತ ಪಂಚಾಕ್ಷರ ಗವಾಯಿಗಳು ಅಂಧರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆಶ್ರಮದ ಭಾರ ಹೊತ್ತು, 2010ರವರೆಗೆ ನಡೆಸಿದ ಪುಟ್ಟರಾಜ ಗವಾಯಿಗಳೂ ಅಂಧರು. ಅಂಧ ಮಕ್ಕಳಿಗೆ, ಅನಾಥರಿಗೆ ಅನ್ನವಿಟ್ಟು ಸಂಗೀತ ಕಲಿಸಿದರು. ಅದಕ್ಕಾಗಿ ನಾಟ್ಯಸಂಘ ನಡೆಸಿದರು. ಪುಟ್ಟರಾಜರು ನಾಟಕಗಳನ್ನೂ ರಚಿಸಿದರು. ಕಣ್ಣಿಲ್ಲದವರು ಕಣ್ಣುಳ್ಳ ನಾಡಿಗೆ ನಾಟಕ ತೋರಿಸಿದರು. ನಾವು ನೋಡಿ, ನಕ್ಕು, ಅತ್ತು, ಮನೆಗೆ ಹೋದೆವು. ಆ ನಾಟಕವನ್ನು ಒಬ್ಬ ಅಂಧನಿಗಾದರೂ ತಿರುಗಿ ಹೇಳಿದೆವೇನು?

ಬರುವ ಜಾತ್ರೆಯ ನಾಟಕಕ್ಕೆ ರಂಗದ ಎಡಬದಿಯಲ್ಲಿ ಅಂಧ ಭಕ್ತರಿಗೆಂದು ಜಾಗ ಮಾಡಿಸುತ್ತೇವೆ. ನಮ್ಮಲ್ಲಿ ಯಂತ್ರವಿಲ್ಲ, ಇಬ್ಬರ ನಡುವೆ ಒಬ್ಬರು ಕುಳಿತು ಕಿವಿಯಲ್ಲಿ ಹೇಳಿದರೆ ಸಾಕು. ಹೇಳುವವರು ನಾಟಕದ ಪ್ರತಿಯನ್ನು ಮೊದಲೇ ಓದಿಕೊಂಡು, ತಾಲೀಮನ್ನು ಎರಡು ಸಲವಾದರೂ ನೋಡಿ, ಮಾತಿನ ಬಿಡುವು ಎಲ್ಲೆಲ್ಲಿದೆಯೆಂದು ತಿಳಿದಿರಬೇಕು. ತಾಯಂದಿರೂ ಬರಬಹುದು. ಹೆಸರನ್ನು ಮಠದ ಕಚೇರಿಯಲ್ಲಿ ಬರೆಸಿರಿ. ಅಮಾವಾಸ್ಯೆಯ ಮರುದಿನದಿಂದ ತಾಲೀಮು ಆರಂಭವಾಗುತ್ತದೆ.