ಮೈಲಿಗೆ ಬೇರೆ, ಮಾಲಿನ್ಯ ಬೇರೆ
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಡಿಗ್ರಿ ಮುಗಿಸಿದವರನ್ನ ಮುಂದೇನು ಅಂತ ಕೇಳಿದರೆ ಬಿ.ಎಡ್., ಇಲ್ಲಾ ಎಫ್.ಡಿ.ಎ. ಪರೀಕ್ಷೆ ಅಂತಾರೆ. ತಪ್ಪಲ್ಲ, ಮನೆ ನಡೀಬೇಕು. ಇವತ್ತು ನಾವು ಇನ್ನೊಂದು ಓದಿನ ಮಾತು ಎತ್ತುತ್ತೇವೆ. ನೀರಿನ ಓದು. ಕೆರೆ, ಹೊಳೆ, ಅಂತರ್ಜಲದ ವಿಜ್ಞಾನ, ಅವುಗಳ ಹಂಚಿಕೆಯ ಶಾಸ್ತ್ರ.

ನೀರು ಅಂದ ಕೂಡಲೇ ನಮಗೆ ಮಹಾಡ್ ನೆನಪಾಗುತ್ತೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಚವದಾರ್ ಕೆರೆಗೆ ನಡೆದು ಬೊಗಸೆಯಲ್ಲಿ ನೀರು ಕುಡಿದರು. ಆಮೇಲೆ ಊರಿನ ಸವರ್ಣೀಯರು ಏನು ಮಾಡಿದರು? ಸಗಣಿ, ಗಂಜಲ, ಹಾಲು, ಮೊಸರು ಕಲಸಿದ 108 ಕೊಡ ಸುರಿದು ಕೆರೆ 'ಶುದ್ಧ' ಮಾಡಿದರು. ಸಿಹಿನೀರಿನ ವಿಜ್ಞಾನ ಓದಿದ ನಮ್ಮ ಹುಡುಗಿಯೊಬ್ಬಳು ಅಲ್ಲಿ ನಿಂತಿದ್ದರೆ ಏನು ಹೇಳ್ತಿದ್ದಳು? ಸಗಣಿಯಿಂದ ನೀರಿಗೆ ಮಲದ ಬ್ಯಾಕ್ಟೀರಿಯಾ ಸೇರುತ್ತೆ. ಗಂಜಲದಿಂದ ಸಾರಜನಕ ಏರಿ ಪಾಚಿಗೆ ಗೊಬ್ಬರವಾಗುತ್ತೆ. ಹಾಲು ಮೊಸರು ಕೊಳೆಯುವಾಗ ನೀರಿನಲ್ಲಿ ಕರಗಿರೋ ಆಮ್ಲಜನಕ ಕರಗಿಹೋಗುತ್ತೆ. (108 ಕೊಡಕ್ಕೆ ಕೆರೆ ಸಾಯೋದಿಲ್ಲ, ಅದು ಬೇರೆ ಮಾತು.) ಹಾಗಾದರೆ ಆ ನೀರು ಕೆಡಿಸಿದೋರು ಯಾರು? ಮಾಲಿನ್ಯವನ್ನ ಅಳೀಬಹುದು. ಮೈಲಿಗೆ ಅಳೆಯೋ ಉಪಕರಣ ಯಾವ ಲ್ಯಾಬಿನಲ್ಲೂ ಇಲ್ಲ. ಆದರೂ ಬಾಂಬೆ ಹೈಕೋರ್ಟಿನಲ್ಲಿ ನಮ್ಮ ಪರ ತೀರ್ಪು ಬರೋಕೆ 1937ರ ತನಕ ಕಾಯಬೇಕಾಯಿತು.

ಅದೇ ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಕೌನ್ಸಿಲ್ಲಿನ ಕಾರ್ಮಿಕ ಸದಸ್ಯರಾಗಿ ದೇಶದ ನೀರಾವರಿ, ವಿದ್ಯುತ್ತಿನ ನೀತಿಯನ್ನೂ ನೋಡಿಕೊಂಡರು. ದಾಮೋದರ ಕಣಿವೆ ಯೋಜನೆ ರೂಪುಗೊಂಡದ್ದು ಆಗಲೇ. ಇವತ್ತಿನ ಕೇಂದ್ರ ಜಲ ಆಯೋಗದ ಬೇರು 1945ರಲ್ಲಿ, ಅವರ ಕಾಲದಲ್ಲೇ ಇದೆ. ಇದನ್ನ ನಮಗೆ ಯಾವ ಮೇಷ್ಟ್ರೂ ಹೇಳಿಕೊಡಲಿಲ್ಲ.

ನೀರಿನ ವಿದ್ಯೆ ನಮ್ಮವರಿಗೆ ಹೊಸದೇನಲ್ಲ. ಕೋಲಾರ, ತುಮಕೂರು ಸೀಮೆಯಲ್ಲಿ ತೂಬು ಎತ್ತಿ ಇಳಿಸಿ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಲೆಕ್ಕ ಇಟ್ಟ ನೀರಗಂಟಿಗಳು ಬಹಳ ಕಡೆ ನಮ್ಮ ಕೇರಿಯವರೇ. ಗದ್ದೆ ಮಾತ್ರ ಇನ್ನೊಬ್ಬರದು. ಈಗ ಅದಕ್ಕೇ ಜಲಸಂಪನ್ಮೂಲ ನಿರ್ವಹಣೆ ಅಂತ ಹೆಸರಿಟ್ಟು ಎಂ.ಟೆಕ್. ಕೊಡ್ತಾರೆ.

ಅದೇ ಸೀಮೆಯಲ್ಲಿ ಕೆರೆ ಬತ್ತಿ, ಬೋರ್‌ವೆಲ್ ಆಳಕ್ಕೆ ಹೋಯಿತು. ಬಂಡೆಯ ಸಂದಿಯಲ್ಲಿ ಬಹುಕಾಲ ನಿಂತ ನೀರು ಫ್ಲೋರೈಡ್ ಕರಗಿಸಿಕೊಳ್ಳುತ್ತೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಅದು ಕುಡಿಯೋ ನೀರಲ್ಲ. ಹಲ್ಲು ಕಂದಾಗುತ್ತೆ, ವರ್ಷಗಟ್ಟಲೆ ಕುಡಿದರೆ ಮೂಳೆ ಕೀಲು ಸೆಟೆಯುತ್ತೆ. ಕ್ಯಾನ್ ನೀರು ಕೊಳ್ಳೋಕೆ ಕಾಸಿಲ್ಲದವರು ಅದನ್ನೇ ಕುಡೀತಾರೆ. ಯಾವ ಬೋರಿನ ನೀರು ಪರೀಕ್ಷೆಗೆ ಹೋಗುತ್ತೆ, ಪೈಪಿನ ಕೊನೇ ನಲ್ಲಿ ಯಾರ ಕೇರಿಯದು, ಊರಿನ ಸರಾಸರಿಯೊಳಗೆ ನಮ್ಮ ಕೇರಿ ಎಲ್ಲಿ ಮುಚ್ಚಿಹೋಯಿತು? ಇದನ್ನ ಕೇಳೋಕೆ ಸಿಟ್ಟು ಸಾಲದು, ಅಂಕಿ ಬೇಕು.

ಎಂಜಿನಿಯರಿಂಗ್ ಓದಿದವರಿಗೆ ಸುರತ್ಕಲ್ಲಿನ ಎನ್.ಐ.ಟಿ., ಬೆಂಗಳೂರಿನ ಐ.ಐ.ಎಸ್ಸಿ., 1972ರಿಂದ ಜಲವಿಜ್ಞಾನ ಕಲಿಸ್ತಿರೋ ರೂರ್ಕಿ ಇವೆ. ರಸಾಯನಶಾಸ್ತ್ರ, ಪ್ರಾಣಿಶಾಸ್ತ್ರ, ಭೂವಿಜ್ಞಾನ ಓದಿದವರಿಗೆ ಪರಿಸರ ವಿಜ್ಞಾನದ ಎಂ.ಎಸ್ಸಿ. ದಾರಿ. ಗೇಟ್ ಪರೀಕ್ಷೆಯಲ್ಲಿ ಪರಿಶಿಷ್ಟರಿಗೆ ಅರ್ಹತಾ ಅಂಕ ಸಾಮಾನ್ಯ ವರ್ಗದ ಮೂರರಲ್ಲಿ ಎರಡು ಪಾಲು. ಅರ್ಹತೆ ಬಂದರೆ ಸೀಟು ಬಂತು ಅಂತಲ್ಲ, ಓದಲೇಬೇಕು. ಗೇಟ್ ಮೇಲೆ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಭತ್ಯೆ ಉಂಟು. ಕೋಟಾದವರು ಅಂತ ಮೂಗು ಮುರಿಯೋರು ಅಲ್ಲೂ ಸಿಗ್ತಾರೆ. ಸ್ಯಾಂಪಲ್ ಬಾಟ್ಲಿ ನಿಮ್ಮ ಕೈಲಿದೆ ಅಂತ ಮೀಟರು ಬೇರೆ ರೀಡಿಂಗ್ ತೋರಿಸೋದಿಲ್ಲ.

ಗೇಟ್ ಅರ್ಜಿ ಸಾಮಾನ್ಯವಾಗಿ ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ. ಜಾತಿ ಪ್ರಮಾಣಪತ್ರ ಈಗಲೇ ಮಾಡಿಸಿಡಿ. ಅರ್ಜಿ ತುಂಬೋದು ತಿಳಿಯದವರು ಸಭೆ ಮುಗಿದ ಮೇಲೆ ನಿಲ್ಲಿ, ಒಟ್ಟಿಗೆ ಕೂತು ನೋಡೋಣ.